ಕ್ಷಮೆ ಬೇರೆ, ಕೀಲಿಕೈ ಬೇರೆ

‘ಶಿಕ್ಷೆಯಾದವನನ್ನು ಇನ್ನೆಷ್ಟು ದಿನ ದೂರ ಇಡುತ್ತೀಯ?’ ವಂಚನೆಯ ಅಪರಾಧಿ ಮತ್ತೆ ಕಂಪನಿ ನಡೆಸುವ ಮಾತು ಬಂದಾಗ ಶಿವಮೊಗ್ಗದ ಗೆಳೆಯರು ಕೇಳುತ್ತಾರೆ. ಈ ಔದಾರ್ಯದ ಖರ್ಚು ಯಾರದು? ಸಂಶೋಧನೆಗೆಂದು ಶಂಕರಘಟ್ಟಕ್ಕೆ ಓಡಾಡುವ ದಾರಿಯಲ್ಲೇ ಭದ್ರಾವತಿಯಿದೆ. ಎಂಪಿಎಂ ನಿಂತ ಮೇಲೆ ಸ್ವಯಂ ನಿವೃತ್ತಿಯ ಹಣ ನಂಬಿದ ಮನೆಗಳು ಅಲ್ಲಿವೆ. ಹೋದ ಆ ಹಣಕ್ಕೆ ಎರಡನೇ ಅವಕಾಶವಿಲ್ಲ.

ಸತ್ಯಂ ಪ್ರಕರಣ ನೋಡಿ. 2009ರ ಜನವರಿ 7ರಂದು ರಾಮಲಿಂಗ ರಾಜು ಸುಳ್ಳು ಲೆಕ್ಕವನ್ನು ಪತ್ರ ಬರೆದು ಒಪ್ಪಿಕೊಂಡರು. 2015ರಲ್ಲಿ ನ್ಯಾಯಾಲಯ 7 ವರ್ಷ ಜೈಲು ವಿಧಿಸಿತು. ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಯಿತು. ಕಂಪನಿ ಉಳಿದದ್ದು ಹೇಗೆ? 2009ರಲ್ಲೇ ಸರ್ಕಾರ ಆಡಳಿತ ಮಂಡಳಿಯನ್ನು ಬದಲಿಸಿತು, ಟೆಕ್ ಮಹೀಂದ್ರಾ ಅದನ್ನು ಕೊಂಡಿತು. ಕೀಲಿಕೈ ಬೇರೆಯವರ ಕೈಗೆ ಹೋದ ಮೇಲೆಯೇ ನಂಬಿಕೆ ಮರಳಿತು.

2013ರ ಕಂಪನಿ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ 6 ತಿಂಗಳು ಅಥವಾ ಹೆಚ್ಚು ಜೈಲು ಶಿಕ್ಷೆಯಾದವರು, ಅವಧಿ ಮುಗಿದು 5 ವರ್ಷ ಕಳೆಯುವವರೆಗೆ ನಿರ್ದೇಶಕರಾಗುವಂತಿಲ್ಲ. ‘ಸಲಹೆಗಾರ’ ಎಂದು ಕೂತವರನ್ನು ಈ ಸೆಕ್ಷನ್ ಮುಟ್ಟುವುದಿಲ್ಲ. ಹಾಗಾಗಿ ಹಣ ಹಾಕುವ ಮುಂಚೆ ಕೇಳಿ: ಚೆಕ್ಕಿಗೆ ಸಹಿ ಯಾರದು? ಲೆಕ್ಕ ತಪಾಸಣೆ ಯಾರದು? ನೇರ ಉತ್ತರ ಸಿಗದಿದ್ದರೆ ಎದ್ದು ಬನ್ನಿ. ಶಿಕ್ಷೆ ಮುಗಿಸಿದವನಿಗೆ ಕೆಲಸ ಸಿಗಲಿ, ಮರ್ಯಾದೆಯೂ ಸಿಗಲಿ. ಪರರ ತಿಜೋರಿ ಮಾತ್ರ ಬೇಡ.