ಪೊಟ್ಟಣದ ಬೆನ್ನು
ಶಾಲೆಯಲ್ಲಿ ಲಾಭ-ನಷ್ಟದ ಲೆಕ್ಕ ಕಲಿಸುತ್ತೇವೆ, ದಿನಸಿ ಕೊಳ್ಳುವುದನ್ನು ಯಾರೂ ಕಲಿಸುವುದಿಲ್ಲ. ಕಲಿಸುವುದಾದರೆ ಪೊಟ್ಟಣ ತಿರುಗಿಸುವುದರಿಂದಲೇ ಶುರುಮಾಡಬೇಕು. ಅದರ ಬೆನ್ನಿನ ಪದಾರ್ಥಗಳ ಪಟ್ಟಿಯಲ್ಲಿ ಯಾವುದರ ತೂಕ ಹೆಚ್ಚೋ ಅದನ್ನೇ ಮೊದಲು ಅಚ್ಚು ಹಾಕಬೇಕೆಂಬ ನಿಯಮವಿದೆ. ಮುಂದೆ ರಾಗಿ ತೆನೆಯ ಚಿತ್ರ, ಹಿಂದೆ ಮೈದಾ, ಸಕ್ಕರೆ, ತಾಳೆ ಎಣ್ಣೆ ದಾಟಿದ ಮೇಲೆ ರಾಗಿ ಎಂದಿದ್ದರೆ ಆ ಬಿಸ್ಕತ್ತು ರಾಗಿ ಸೋಕಿದ ಮೈದಾ ಅಷ್ಟೆ. ಅದೇ ದುಡ್ಡಿಗೆ ರಾಗಿಯನ್ನೇ ತಂದರೆ 100 ಗ್ರಾಂಗೆ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ. ಹುರುಳಿಯಲ್ಲಿ ಐದನೇ ಒಂದು ಪಾಲು ಪ್ರೋಟೀನೇ, ಆದರೂ ಡಬ್ಬದ ಪುಡಿಗೆ ಸಾವಿರಾರು ರೂಪಾಯಿ ಸುರಿಯುವವರು ಅದನ್ನು ಎತ್ತಿನ ಮೇವೆಂದು ಮೂಗು ಮುರಿಯುತ್ತಾರೆ (ಹುರುಳಿ ಬಸ್ಸಾರು ಮಾತ್ರ ಬೇಕು!). ಬೆಲೆಯನ್ನು ಕಿಲೋ ಲೆಕ್ಕಕ್ಕೆ ಇಳಿಸಿ ನೋಡಿದರೆ ಸಣ್ಣ ಪೊಟ್ಟಣದ ಬಣ್ಣ ಬಯಲಾಗುತ್ತದೆ. ಸೊಪ್ಪಿಗೆ ಮಾತ್ರ ಸಂತೆ ಮುಗಿಯುವ ಹೊತ್ತಿಗೆ ಹೋಗಿ. ಹರಿವೆ, ಮೆಂತ್ಯದ ಬೆಲೆ ಆಗ ಚೌಕಾಸಿಗೆ ಬಗ್ಗುತ್ತದೆ.