ತರಬೇತುದಾರನ ಪಾಲು

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ನಮ್ಮ ಸಮೀರವಾಡಿಯಲ್ಲಿ ಹಗಲೂ ರಾತ್ರಿಯೂ ಒಂದೇ. ರಸ್ತೆಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಗಾಳಿಯಲ್ಲೆಲ್ಲ ಕಾಕಂಬಿಯ ವಾಸನೆ. ಸಕ್ಕರೆ ಚೀಲದ ಮೇಲೆ ಕಾರ್ಖಾನೆಯ ಹೆಸರಿರುತ್ತದೆ, ಕಬ್ಬು ಕಡಿದವನ ಹೆಸರಿರುವುದಿಲ್ಲ. ಆಟದ ಜಗತ್ತಿನಲ್ಲಿಯೂ ಹೀಗೆಯೇ ಎಂದು ನನಗೆ ಅನೇಕ ಸಲ ಅನಿಸಿದೆ. ಗೆದ್ದವರ ಹೆಸರು ಉಳಿಯುತ್ತದೆ; ಗೆಲ್ಲುವಂತೆ ಮಾಡಿದವರ ಹೆಸರು ಅಳಿಸಿಹೋಗುತ್ತದೆ.

ಈ ಮಾತಿಗೆ ಅಪವಾದವಾಗಿ ನಡೆದುಕೊಂಡವರೊಬ್ಬರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಅವರು ರಾಹುಲ್ ದ್ರಾವಿಡ್. ಅವರ ಬ್ಯಾಟಿಂಗ್ ಕುರಿತು ಬರೆಯಲು ಬಲ್ಲವರು ಬಹಳ ಜನರಿದ್ದಾರೆ. ನನಗೆ ಹೆಚ್ಚು ಆಪ್ತವೆನಿಸುವುದು ಅವರು ಗುರುವಾಗಿ ಕಳೆದ ವರ್ಷಗಳು.

ಬಾಲಕ ದ್ರಾವಿಡರನ್ನು ಬೆಂಗಳೂರಿನ ಬೇಸಿಗೆ ಶಿಬಿರವೊಂದರಲ್ಲಿ ಗುರುತಿಸಿದವರು ಕೇಕಿ ತಾರಾಪೋರ್ ಎಂಬ ತರಬೇತುದಾರರು. ಇಂದು ಆ ಹೆಸರನ್ನು ಬಲ್ಲವರೆಷ್ಟು ಜನ? ದ್ರಾವಿಡ್ 2012ರಲ್ಲಿ ಅಂತಾರಾಷ್ಟ್ರೀಯ ಆಟದಿಂದ ನಿವೃತ್ತರಾಗಿ, ಕೆಲ ವರ್ಷಗಳ ಬಳಿಕ ಹತ್ತೊಂಬತ್ತು ವರ್ಷದೊಳಗಿನ ಹುಡುಗರಿಗೆ ಗುರುವಾದರು. 2016ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಸೋಲು. 2018ರಲ್ಲಿ ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯದ ಮೇಲೆ ಎಂಟು ವಿಕೆಟ್ಟುಗಳ ಜಯ. 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದರು. 2021ರ ಕೊನೆಯಲ್ಲಿ ಭಾರತ ತಂಡದ ಮುಖ್ಯ ತರಬೇತುದಾರರಾದರು. 2023ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ಎದೆಯೊಡೆಯುವ ಸೋಲು; 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಏಳು ರನ್ನುಗಳ ಗೆಲುವು. 2007ರಲ್ಲಿ ಅವರ ನಾಯಕತ್ವದ ತಂಡ ಮೊದಲ ಸುತ್ತಿನಲ್ಲಿಯೇ ಹೊರಬಿದ್ದದ್ದೂ ಅದೇ ವೆಸ್ಟ್ ಇಂಡೀಸ್ ನೆಲದಲ್ಲಿ.

ಆದರೆ ನಾನು ಹೇಳಹೊರಟದ್ದು ಈ ಸೋಲು ಗೆಲುವುಗಳನ್ನಲ್ಲ. 2018ರ ಗೆಲುವಿನ ನಂತರ ಮಂಡಳಿಯು ದ್ರಾವಿಡರಿಗೆ 50 ಲಕ್ಷ, ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ದುಡಿದವರೆಲ್ಲರೂ ಒಂದೇ ಆಗಿರುವಾಗ ಈ ಭೇದವೇಕೆ ಎಂದು ದ್ರಾವಿಡ್ ಕೇಳಿದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷವೆಂದಾಯಿತು. ಅಂದರೆ ತಮ್ಮ ಪಾಲನ್ನು ಅರ್ಧಕ್ಕಿಳಿಸಿಕೊಂಡರು. 2024ರಲ್ಲಿಯೂ ತಮಗೆಂದು ಗೊತ್ತುಮಾಡಿದ್ದ ಐದು ಕೋಟಿಯ ಬದಲು, ಇತರ ತರಬೇತುದಾರರಂತೆ ಎರಡೂವರೆ ಕೋಟಿ ಸಾಕೆಂದರೆಂದು ಪತ್ರಿಕೆಗಳು ವರದಿ ಮಾಡಿದವು.

ಮುಖ್ಯ ತರಬೇತುದಾರನ ಹೊಣೆ ದೊಡ್ಡದು, ಸೋತರೆ ಬೈಗುಳ ಅವನಿಗೇ, ಆದ್ದರಿಂದ ಪಾಲೂ ದೊಡ್ಡದಿರಲಿ ಎಂದು ವಾದಿಸುವವರುಂಟು. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಸಂಬಳ ಬೇರೆ, ಬಹುಮಾನ ಬೇರೆ. ಸಂಬಳ ಹೊಣೆಯನ್ನು ಅಳೆಯುತ್ತದೆ. ಬಹುಮಾನ ಸಂತೋಷವನ್ನು ಹಂಚುತ್ತದೆ. ಸಂತೋಷವನ್ನು ಹಂಚುವಾಗ ಪಂಕ್ತಿಭೇದ ಸಲ್ಲದು.

ಇದನ್ನು ಬರೆಯುವಾಗ ನನಗೊಂದು ಅಳುಕಿದೆ. ನಾನು ಬಿ.ಇಡಿ. ಮುಗಿಸಿ ಗಣಿತ ಕಲಿಸಿದವನು. ನಾನಿದ್ದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರೊಬ್ಬರಿದ್ದರು. ನಸುಕಿನಲ್ಲಿಯೇ ಬಂದು ಮೈದಾನದ ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆದು ಹುಡುಗರಿಗೆ ಖೊ ಖೊ ಕಲಿಸುತ್ತಿದ್ದರು. ಡಿಸೆಂಬರ್ ಬಂತೆಂದರೆ ಹತ್ತನೆಯ ತರಗತಿಯ ಆಟದ ಅವಧಿಗಳನ್ನೆಲ್ಲ ನಾನು ಕಸಿದುಕೊಳ್ಳುತ್ತಿದ್ದೆ. ಪರೀಕ್ಷೆಯ ಹೆಸರು ಹೇಳಿದ ಮೇಲೆ ಅವರು ಎದುರಾಡುವಂತಿರಲಿಲ್ಲ. ಒಂದು ವರ್ಷ ಅವರ ತಂಡ ತಾಲೂಕಿಗೆ ಮೊದಲು ಬಂದಿತು. ವಾರ್ಷಿಕ ಸಮಾರಂಭದಲ್ಲಿ ನಾವೆಲ್ಲ ವೇದಿಕೆಯ ಮೇಲೆ ಕುಳಿತು ಹಾರ ಹಾಕಿಸಿಕೊಂಡೆವು. ಅವರು ಕೆಳಗೆ ಧ್ವನಿವರ್ಧಕದ ವೈರು ಸರಿಪಡಿಸುತ್ತಿದ್ದರು. ಮರುದಿನ ನಾನು ಸಂಕೋಚದಿಂದ ಮಾತು ತೆಗೆದಾಗ, "ಇರ್ಲಿ ಬಿಡ್ರಿ ಸರ, ಹುಡುಗೂರು ಆಡಿದ್ರಲ್ಲ, ಅಷ್ಟ ಸಾಕು" ಎಂದುಬಿಟ್ಟರು.

ಆ ಮಾತನ್ನು ದೊಡ್ಡತನವೆಂದು ಹೊಗಳಿ ನಾವು ಪಾರಾಗಬಾರದು. ಅವರು ಕೇಳಲಿಲ್ಲವೆಂಬುದು ನಾವು ಕೊಡದಿರುವುದಕ್ಕೆ ಕಾರಣವಾಗಲಾರದು. ದ್ರಾವಿಡ್ ತಮಗಿಂತ ಕೆಳಗಿನವರ ಪರವಾಗಿ ತಾವೇ ಕೇಳಿದರು. ವೇದಿಕೆಯ ಮೇಲಿದ್ದ ನಾನು ಒಂದು ಕುರ್ಚಿ ಹಾಕಿಸಲಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಈಗ ಸೇವೆಯಲ್ಲಿರುವ ನನ್ನ ಶಿಕ್ಷಕ ಬಂಧುಗಳಲ್ಲಿ ಎರಡು ವಿನಂತಿಗಳಿವೆ. ಆಟದ ಅವಧಿಯನ್ನು ಆಟಕ್ಕೇ ಬಿಡಿ. ನನ್ನ ಲೆಕ್ಕಗಳನ್ನು ಮರೆತ ಹುಡುಗರು ಆ ಮೈದಾನವನ್ನು ಮರೆತಿಲ್ಲ. ಈ ಸಲದ ಸಮಾರಂಭದಲ್ಲಿ ಮೊದಲ ಹಾರವನ್ನು ಸುಣ್ಣದ ಗೆರೆ ಎಳೆದ ಕೈಗಳಿರುವವರಿಗೆ ಹಾಕಿ. ನಾನು ಮಾಡಲಾಗದ್ದನ್ನು ನೀವಾದರೂ ಮಾಡಿದಿರೆಂದು ಕೇಳಿ ಸಮಾಧಾನಪಡುವೆ.