ಮುಂಜಾನೆಯ ನಡಿಗೆಯೂ ಚೆಂಬೂರಿನ ಗಾಳಿಯೂ

ಬೆಳಗಿನ ಜಾವ ಎದ್ದು ಅರ್ಧ ಗಂಟೆ ನಡೆದು ಬಂದವನ ಮನೆಗೆ ವೈದ್ಯನು ಬರಬೇಕಾಗಿಲ್ಲವೆಂಬುದು ಹಿರಿಯರ ನಂಬಿಕೆ. ಕರಾವಳಿಯ ಅಡಕೆ ತೋಟಗಳ ನಡುವೆಯೋ ಮಲೆನಾಡಿನ ಕಾಲುದಾರಿಗಳಲ್ಲೋ ರೂಢಿಯಾದ ಈ ಸದಭ್ಯಾಸವನ್ನು ಹೊರನಾಡ ಕನ್ನಡಿಗರು ಮುಂಬಯಿಗೂ ತಂದಿರುವುದು ಸಂತೋಷದ ಸಂಗತಿ. ಚೆಂಬೂರಿನ ಡೈಮಂಡ್ ಗಾರ್ಡನ್ನಿನ ಸುತ್ತ ಮುಂಜಾನೆ ಸುತ್ತುಹಾಕುವವರಲ್ಲಿ ಕನ್ನಡ, ತುಳು, ಕೊಂಕಣಿ ಮಾತುಗಳು ಕೇಳಿಬರುವುದು ಅಪರೂಪವೇನಲ್ಲ. ಆದರೆ ಅಭ್ಯಾಸವನ್ನು ಹೊತ್ತು ತಂದಂತೆ ಊರಿನ ಗಾಳಿಯನ್ನು ಹೊತ್ತು ತರಲಾಗದು. ಚೆಂಬೂರಿನಲ್ಲಿ ನಡೆಯುವವನು ಚೆಂಬೂರಿನ ಗಾಳಿಯನ್ನೇ ಉಸಿರಾಡಬೇಕು. ಆದುದರಿಂದ ಆ ಗಾಳಿಯ ಗುಣದೋಷಗಳನ್ನು ಅರಿಯುವುದು ವ್ಯಾಯಾಮದಷ್ಟೇ ಅವಶ್ಯಕ.

ಉದ್ಯಾನದ ಸುತ್ತು ಬಿಟ್ಟು ಒಂದು ದಿನ ಹಳೆಯ ಗಾವಠಾಣದ ಕಡೆಗೆ ಹೆಜ್ಜೆ ಹಾಕಿದವರಿಗೆ ಬೇರೊಂದು ಚೆಂಬೂರು ಕಾಣಸಿಗುತ್ತದೆ. ಇಕ್ಕಟ್ಟಾದ ಓಣಿಗಳು, ತಿರುವಿನಲ್ಲಿ ಶಿಲುಬೆ, ಹೊಸ ಮಹಡಿಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದಿರುವ ಹಂಚಿನ ಮನೆ, ಸೈಕಲ್ಲಿನ ಮೇಲೆ ಪಾವ್ ಮಾರುವವನು, ಮತ್ತೊಂದು ಸೈಕಲ್ಲಿನಲ್ಲಿ ಇಡ್ಲಿಯ ಪಾತ್ರೆ ಹೊತ್ತು ಹಾರ್ನ್ ಊದುತ್ತ ಬರುವ ತಮಿಳು ಬಂಧು. ಇದು ಈಸ್ಟ್ ಇಂಡಿಯನ್ ಕ್ರೈಸ್ತರ ಮೂಲ ಗ್ರಾಮ. ಕೋಳಿ ಬೆಸ್ತರ ಮಾಹುಲ್ ಇಲ್ಲಿಂದ ದೂರವಿಲ್ಲ. ಚಿಂಬೋರಿ ಎಂಬ ಏಡಿಯಿಂದ ಊರಿಗೆ ಈ ಹೆಸರು ಬಂದಿತೆಂಬ ಹೇಳಿಕೆಯೂ ಉಂಟು.

ಈ ಗ್ರಾಮ ನಗರವಾದ ಬಗೆ ವಿಚಾರಾರ್ಹವಾಗಿದೆ. 1906ರಲ್ಲಿ ಕುರ್ಲಾದಿಂದ ಇತ್ತ ಹಾಕಿದ ರೈಲುಹಳಿಯ ಮೇಲೆ ಮೊದಲು ಬಂದದ್ದು ಪ್ರಯಾಣಿಕರಲ್ಲ, ಮುಂಬಯಿಯ ಕಸ. ಪ್ರಯಾಣಿಕರ ಸಂಚಾರ ಆರಂಭವಾದದ್ದು 1924ರಲ್ಲಿ. 1927ರಿಂದ ಸಮೀಪದ ದೇವನಾರ್ ನಗರದ ಕಸದ ಭೂಮಿಯಾಯಿತು. ದೇಶ ವಿಭಜನೆಯಾದಾಗ ನಿರಾಶ್ರಿತರಾದ ಸಿಂಧಿ, ಪಂಜಾಬಿ ಬಂಧುಗಳಿಗೆ ಚೆಂಬೂರು ನೆಲೆ ನೀಡಿತು. 1954-55ರ ಸುಮಾರಿಗೆ ಮಾಹುಲ್ ಭಾಗದಲ್ಲಿ ಎರಡು ತೈಲ ಶುದ್ಧೀಕರಣಾಗಾರಗಳು, 1965ರಲ್ಲಿ ರಸಗೊಬ್ಬರ ಕಾರ್ಖಾನೆ ತಲೆಯೆತ್ತಿದವು. ದೇಶಕ್ಕೆ ಇಂಧನವನ್ನೂ ರೈತನಿಗೆ ಗೊಬ್ಬರವನ್ನೂ ಸಾವಿರಾರು ಸಂಸಾರಗಳಿಗೆ ಅನ್ನವನ್ನೂ ಕೊಟ್ಟ ಈ ಉದ್ಯಮಗಳ ಉಪಕಾರವನ್ನು ಮರೆಯಲಾಗದು. ಆದರೂ ನಗರವು ತನ್ನ ಮಗ್ಗುಲಲ್ಲಿ ಬೇಡವೆಂದುದನ್ನು ಈ ದಿಕ್ಕಿಗೆ ಸರಿಸುತ್ತ ಬಂದಿತೆಂಬುದು ಸತ್ಯ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ ಕೈಗಾರಿಕಾ ಪ್ರದೇಶಗಳ ಮಾಲಿನ್ಯವನ್ನು ಅಳೆದಾಗ ಚೆಂಬೂರಿಗೆ ದೊರೆತ ಅಂಕ ನೂರಕ್ಕೆ 69.19. ಇಂತಹ ಪರೀಕ್ಷೆಯಲ್ಲಿ ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಮುಂಜಾನೆಯ ಗಾಳಿ ಸದಾ ನಿರ್ಮಲವೆಂಬ ಭಾವನೆ ಇಲ್ಲಿ ಎಲ್ಲ ಋತುಗಳಿಗೂ ಸಲ್ಲದು. ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲದ ರಾತ್ರಿಗಳಲ್ಲಿ ನೆಲ ಬೇಗ ತಣಿದು, ಅದಕ್ಕೆ ತಗುಲಿದ ಗಾಳಿಯೂ ತಂಪಾಗುತ್ತದೆ. ಅದರ ಮೇಲೆ ಬೆಚ್ಚಗಿನ ಪದರವೊಂದು ಮುಚ್ಚಳದಂತೆ ಕೂರುತ್ತದೆ. ಹೊಗೆ, ಧೂಳು ಮೇಲೇರಲಾರದೆ ಮನುಷ್ಯನ ಮೂಗಿನ ಮಟ್ಟದಲ್ಲೇ ತಂಗುತ್ತವೆ. ಬಿಸಿಲೇರಿ, ಸಮುದ್ರದ ಗಾಳಿ ಬೀಸಲಾರಂಭಿಸಿದ ಮೇಲೆ ಈ ಮುಚ್ಚಳ ಸಡಿಲಾಗುತ್ತದೆ. ಆದ್ದರಿಂದ ಮಂಜೆಂದು ಭಾವಿಸಿ ಮೆಚ್ಚಿಕೊಂಡದ್ದು ಹಲವೊಮ್ಮೆ ಹೊಗೆಯೇ ಆಗಿರುತ್ತದೆ. ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟು ಸೂಕ್ಷ್ಮವಾದ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲವು. ವೇಗವಾಗಿ ನಡೆಯುವವನು ಹೆಚ್ಚು ಉಸಿರೆಳೆಯುವುದರಿಂದ ಅವನ್ನು ಹೆಚ್ಚಾಗಿಯೇ ಒಳಗೆಳೆದುಕೊಳ್ಳುತ್ತಾನೆ.

ಹಾಗೆಂದು ನಡಿಗೆಯನ್ನು ಬಿಡುವುದು ವಿವೇಕವಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿಯೂ ಸಾರಿದೆ. ಬೇಕಾದುದು ಕಾಲಜ್ಞಾನ. ಚಳಿಗಾಲದಲ್ಲಿ ಸೂರ್ಯೋದಯಕ್ಕೆ ಮುನ್ನ ಹೊರಡುವ ಹಟ ಬಿಟ್ಟು ಬಿಸಿಲು ಮೂಡಿದ ಮೇಲೆ, ವಾಹನದಟ್ಟಣೆಯ ಹೆದ್ದಾರಿ ತಪ್ಪಿಸಿ ಒಳರಸ್ತೆಗಳಲ್ಲಿ ನಡೆಯುವುದು ಲೇಸು. ಅದೇ ಮಂಡಳಿಯ ‘ಸಮೀರ್’ ಆ್ಯಪ್ ವಾಯು ಗುಣಮಟ್ಟದ ಸೂಚ್ಯಂಕವನ್ನು ತೋರಿಸುತ್ತದೆ. ಅದು 200ನ್ನು ಮೀರಿದ ದಿನ ಉಬ್ಬಸವುಳ್ಳವರು, ಹೃದ್ರೋಗಿಗಳು, ವೃದ್ಧರು ಮನೆಯೊಳಗೇ ನಡೆದಾಡುವುದು ಕ್ಷೇಮ.

ಆದರೆ ಇಷ್ಟರಿಂದಲೇ ಕರ್ತವ್ಯ ಮುಗಿಯದು. ಕೆಟ್ಟ ಗಾಳಿಯ ದಿನ ಬಾಗಿಲು ಹಾಕಿಕೊಳ್ಳುವುದು ಬಾಗಿಲು ಉಳ್ಳವರಿಗೆ ಸಾಧ್ಯ. ಪಾವ್ ಮಾರುವವನಿಗೆ, ರಸ್ತೆ ಗುಡಿಸುವವಳಿಗೆ ಆ ಅವಕಾಶವಿಲ್ಲ. 2017ರ ಜುಲೈಯಲ್ಲಿ ಸ್ವಸ್ತಿಕ್ ಪಾರ್ಕ್ ಪರಿಸರದಲ್ಲಿ ಮುಂಜಾನೆಯ ನಡಿಗೆಗೆ ಹೋಗಿದ್ದ ಮಹಿಳೆಯೊಬ್ಬರು ತೆಂಗಿನ ಮರ ಉರುಳಿ ಅಸುನೀಗಿದರು. ದೇಹದ ಶಿಸ್ತು ಎಷ್ಟೇ ಇದ್ದರೂ ಬೀದಿಯೇ ಅಸುರಕ್ಷಿತವಾದರೆ ಅದರಿಂದ ಪ್ರಯೋಜನವೇನು? ಮಾಹುಲಿನ ನಿವಾಸಿಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿ, ಅಲ್ಲಿಯ ಗಾಳಿಯಿಂದ ಜನರ ಆರೋಗ್ಯಕ್ಕೆ ಅಪಾಯವಿದೆಯೆಂಬ ತೀರ್ಪನ್ನು 2015ರಲ್ಲಿ ಪಡೆದರು. ಹೆಚ್ಚಿನ ವಿದ್ಯಾವಂತಿಕೆಯ ಹಮ್ಮುಳ್ಳವರು ಮಾಡದ ಕೆಲಸವನ್ನು ಬೆಸ್ತರ ಕೇರಿ ಮಾಡಿತು.

ಮುಂಜಾನೆ ನಡೆಯುವವನಷ್ಟು ಹತ್ತಿರದಿಂದ ಬೀದಿಯನ್ನು ಬಲ್ಲವರು ವಿರಳ. ಒಡೆದ ಕಾಲುದಾರಿ, ಬಾಗಿದ ಮರ, ಉರಿಯುವ ಕಸದ ಗುಡ್ಡೆ, ಗಾಳಿಯಲ್ಲಿನ ಘಾಟು ಮೊದಲು ಅವನ ಗಮನಕ್ಕೇ ಬರುತ್ತವೆ. ಕಂಡುದನ್ನು ಚೀಟಿಯಲ್ಲಿ ಗುರುತುಹಾಕಿ, ಹತ್ತು ಜನರ ಸಹಿಯೊಡನೆ ಎಂ-ಪಶ್ಚಿಮ ವಾರ್ಡಿನ ಕಚೇರಿಗೆ ತಲುಪಿಸಿದರೆ ಅದೂ ಆರೋಗ್ಯಸಾಧನೆಯೇ. ಸಂಘಸಂಸ್ಥೆಗಳು ತಿಂಗಳಿಗೊಮ್ಮೆ ವೈದ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಗಾವಠಾಣದ ಹಿರಿಯರನ್ನೂ ಆಹ್ವಾನಿಸಿ, ಹಳೆಯ ಓಣಿಗಳಲ್ಲಿ ಸಾಮೂಹಿಕ ನಡಿಗೆಯನ್ನು ಏರ್ಪಡಿಸಬಹುದು. ಮೂರು ತಲೆಮಾರುಗಳಿಗೆ ಅನ್ನ ನೀಡಿದ ಊರನ್ನು ಕಾಲ್ನಡಿಗೆಯಿಂದಲಾದರೂ ಪರಿಚಯ ಮಾಡಿಕೊಳ್ಳುವುದು ಕನ್ನಡಿಗರಿಗೆ ಭೂಷಣ. ಆರೋಗ್ಯವು ಒಬ್ಬೊಬ್ಬರ ಸೊತ್ತಾಗಿರಬಹುದು, ಗಾಳಿಯಾದರೋ ಎಲ್ಲರದು.